ಕುರ್ಚಿ ಖಾಲಿ ಬಿದ್ದರೆ



ಬೆಳ್ಳಿಹಬ್ಬದ ದಿನ ಇದೆಂಥ ಮಾತು ಅಂತ ಯಾರೂ ಬೇಸರ ಮಾಡ್ಕೋಬಾರದು. ಅಧಿಕಾರದಲ್ಲಿ ಇರುವವರು ಇದ್ದಕ್ಕಿದ್ದಂತೆ ಇಲ್ಲವಾದರೆ ಕೆಲಸ ಯಾರು ನೋಡಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

1964ರ ಮೇ 27ರಂದು ನೆಹರೂರವರು ತೀರಿಕೊಂಡರು. ಅವತ್ತೇ ಗುಲ್ಜಾರಿಲಾಲ್ ನಂದಾ ಅವರು ಹಂಗಾಮಿ ಪ್ರಧಾನಿಯಾದರು. 1966ರ ಜನವರಿಯಲ್ಲಿ ಶಾಸ್ತ್ರೀಜಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗಲೂ ಅವರೇ. ಎರಡು ಸಲವೂ 13 ದಿನ ನೊಗ ಹೊತ್ತು, ಹೊಸಬರಿಗೆ ಒಪ್ಪಿಸಿದರು. ಆದರೆ 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದಾಗ ಹಂಗಾಮಿಯಾಗಿ ಯಾರೂ ಬರಲಿಲ್ಲ, ಅಂದೇ ರಾಜೀವ್ ಗಾಂಧಿಯವರು ಪ್ರಧಾನಿಯಾದರು. ಹಂಗಾಮಿ ಪ್ರಧಾನಿ ಎಂಬುದು ಸಂವಿಧಾನದಲ್ಲಿ ಬರೆದಿದ್ದಲ್ಲ, ಬರೀ ರೂಢಿ.

ರಾಷ್ಟ್ರಪತಿಯವರದ್ದು ಹಾಗಲ್ಲ. ಆ ಸ್ಥಾನ ತೆರವಾದರೆ ಉಪರಾಷ್ಟ್ರಪತಿ ನೋಡಿಕೊಳ್ಳಬೇಕು, ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅಂತ ಬರೆದೇ ಇಟ್ಟಿದ್ದಾರೆ. 1969ರ ಮೇ 3ರಂದು ಜಾಕಿರ್ ಹುಸೇನ್ ಅವರು ತೀರಿಕೊಂಡಾಗ ವಿ.ವಿ. ಗಿರಿಯವರು ಹಾಗೇ ಬಂದರು. ಸರಿ, ಅವರೂ ಬಿಟ್ಟರೆ? ಅದನ್ನು ಸಂಸತ್ತು ತೀರ್ಮಾನಿಸಲಿ ಅಂತ ಸಂವಿಧಾನ ಬಿಟ್ಟಿತ್ತು. ಅದೇ ಮೇ ತಿಂಗಳಲ್ಲಿ ಕಾಯಿದೆ ಆಯಿತು. ಇಬ್ಬರೂ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಅವರೂ ಇಲ್ಲದಿದ್ದರೆ ಇರುವವರಲ್ಲಿ ಹಿರಿಯ ನ್ಯಾಯಮೂರ್ತಿ. ಎರಡು ತಿಂಗಳು ತುಂಬಿರಲಿಲ್ಲ, ಜುಲೈ 20ರಂದು ಗಿರಿಯವರು ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು! ಹಿದಾಯತುಲ್ಲಾ ಅವರು ಆಗಸ್ಟ್ 24ರ ತನಕ ನಡೆಸಿದರು. ಅಮೆರಿಕದ ನಿಕ್ಸನ್ ಸಾಹೇಬರು ದೆಹಲಿಗೆ ಬಂದಿದ್ದೂ ಅದೇ ದಿನಗಳಲ್ಲಿ. ಬಂದವರನ್ನು ಎದುರುಗೊಳ್ಳಲು ಜನ ಇದ್ದರು.

ಈಗ ನಮ್ಮ ಸಂಘಕ್ಕೆ ಬರೋಣ. ಅಧ್ಯಕ್ಷರು ಇಲ್ಲದಿದ್ದರೆ ಉಪಾಧ್ಯಕ್ಷರು ಇದ್ದಾರೆ. ಕಾರ್ಯದರ್ಶಿಗಳು? ತಿಜೋರಿ ಬೀಗದಕೈ, ಗೋದಾಮಿನ ಬೀಗದಕೈ ಎರಡೂ ಅವರ ಸೊಂಟದಲ್ಲೇ. ಯಾರ ಕಂತು ಎಷ್ಟು ಬಾಕಿ ಅಂತ ಲೆಡ್ಜರ್ ತೆರೆಯದೇ ಹೇಳುತ್ತಾರೆ. ಅವರು ನೂರು ವರ್ಷ ಬಾಳಲಿ, ಅದು ನಮ್ಮ ಹಾರೈಕೆ. ಆದರೆ ಮುಂಗಾರು ಬಿದ್ದ ವಾರ ಅವರಿಗೆ ಜ್ವರ ಬಂದು ಆಸ್ಪತ್ರೆ ಸೇರಿದರೆ ಯೂರಿಯಾ ಮೂಟೆ ಯಾರು ಕೊಡ್ತಾರೆ? ಬಿತ್ತನೆ ಕಾಯುತ್ತದೆಯೇ?

ಆದ್ದರಿಂದ ಬರುವ ಆಡಳಿತ ಮಂಡಳಿ ಸಭೆಗೆ ನಾವು ಒಂದು ಠರಾವು ತರುತ್ತಿದ್ದೇವೆ. ಇನ್ನೊಂದು ಜೊತೆ ಬೀಗದಕೈ ಮೊಹರು ಮಾಡಿ ಅಧ್ಯಕ್ಷರ ಬಳಿ ಇರಬೇಕು. ಕಾರ್ಯದರ್ಶಿಗಳ ಗೈರಿನಲ್ಲಿ ಕೆಲಸ ನೋಡುವವರ ಹೆಸರು ನಡಾವಳಿ ಪುಸ್ತಕದಲ್ಲಿ ಇರಬೇಕು, ಚೆಕ್ಕಿಗೆ ಅವರ ಸಹಿಯ ನಮೂನೆ ಬ್ಯಾಂಕಿಗೆ ಮೊದಲೇ ಹೋಗಿರಬೇಕು. ಆ ಗುಮಾಸ್ತರು ವರ್ಷಕ್ಕೆ ಒಂದು ವಾರವಾದರೂ ಕಾರ್ಯದರ್ಶಿಗಳ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯಬೇಕು. ಕಾರ್ಯದರ್ಶಿಗಳಿಗೆ ಈ ಮಾತು ಮೊದಲೇ ತಿಳಿಸಿದ್ದೇವೆ. ನಕ್ಕು, "ಹಾಗಾದ್ರೂ ಒಂದು ವಾರ ರಜೆ ಸಿಗಲಿ" ಅಂದರು.