ಹನ್ನೆರಡು ವರ್ಷ ಹಳೇ ಗೈಡ್‌ಬುಕ್: ಕಳೆದದ್ದೆಷ್ಟು, ಉಳಿಸಿದ್ದೇನು?

ಈ ವಾರ ಒಂದು ಹಳೇ ಪುಸ್ತಕದ ಬಗ್ಗೆ ಮಾತಾಡ್ತೀನಿ. ಕಥೆ, ಕಾದಂಬರಿ ಅಲ್ಲ. ಪ್ರವಾಸದ ಗೈಡ್‌ಬುಕ್. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಳೇ ಪುಸ್ತಕದಂಗಡಿಗೆ ಹೋಗಿದ್ದಾಗ 200 ರೂಪಾಯಿ ಕೊಟ್ಟು ತಂದದ್ದು. ಆಗ್ನೇಯ ಏಷ್ಯಾವನ್ನ ಕಡಿಮೆ ಖರ್ಚಲ್ಲಿ ಸುತ್ತೋದು ಹೇಗೆ ಅಂತ ಹೇಳುವ ದಪ್ಪ ಪುಸ್ತಕ. ಅಚ್ಚಾದ ವರ್ಷ 2012. ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯ ಅಲ್ಲ.

2024ರ ಮೇ ತಿಂಗಳಲ್ಲಿ ನಾನು, ನನ್ನ ಅಕ್ಕನ ಮಗ ಇಬ್ಬರೂ ಹೊರಟೆವು. ನಾನು ಕಾಲೇಜಲ್ಲಿ ಪಾಠ ಮಾಡೋನು, ರಜೆ ಇತ್ತು. ಅವನು ಆಗಷ್ಟೇ ಡಿಗ್ರಿ ಮುಗಿಸಿದ್ದ. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ. ನಾಲ್ಕು ದೇಶ, 28 ದಿನ. ವಿಮಾನದ ಟಿಕೆಟ್ ಬಿಟ್ಟು ಇಬ್ಬರಿಗೂ ಸೇರಿ ಒಂದೂವರೆ ಲಕ್ಷ ರೂಪಾಯಿ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಆಗಬಾರದು ಅನ್ನೋದು ನಮ್ಮ ಒಪ್ಪಂದ.

ಬ್ಯಾಗ್ ಜೋಡಿಸುವಾಗಲೇ ಅವನು ಕೇಳಿದ, "ಮಾವ, ಒಂದು ಕೆಜಿ ಇದೆ ಇದು. ಫೋನಲ್ಲಿ ಎಲ್ಲಾ ಸಿಗುತ್ತೆ. ಯಾಕೆ ಹೊರ್ತೀಯ?" ನಾನು ಏನೂ ಹೇಳಲಿಲ್ಲ, ಹೊತ್ತೆ. ಅವನ ಪ್ರಶ್ನೆ ಸರಿ ಇತ್ತು ಅಂತ ಈಗಲೂ ಅನ್ನಿಸುತ್ತೆ. ಅದಕ್ಕೆ ಉತ್ತರ ಕೊಡೋದೇ ಇವತ್ತಿನ ಮಾತು.

ಮೊದಲು ಈ ಪುಸ್ತಕಗಳು ಹುಟ್ಟಿದ್ದು ಹೇಗೆ ಅಂತ ಎರಡು ಮಾತು. 1957ರಲ್ಲಿ ಆರ್ಥರ್ ಫ್ರೊಮರ್ ಅನ್ನೋ ಅಮೆರಿಕದವರು ದಿನಕ್ಕೆ ಐದು ಡಾಲರಲ್ಲಿ ಯುರೋಪ್ ನೋಡೋದು ಹೇಗೆ ಅಂತ ಪುಸ್ತಕ ಬರೆದರು. ವಿದೇಶ ಪ್ರವಾಸ ಶ್ರೀಮಂತರಿಗೆ ಮಾತ್ರ ಅನ್ನುವ ಕಾಲ ಅದು. ಆಮೇಲೆ ಟೋನಿ ವೀಲರ್, ಮೌರೀನ್ ವೀಲರ್ ದಂಪತಿ 1972ರಲ್ಲಿ ಲಂಡನ್‌ನಿಂದ ಹೊರಟು, ಏಷ್ಯಾವನ್ನ ಹೆಚ್ಚಾಗಿ ನೆಲದ ದಾರಿಯಲ್ಲೇ ದಾಟಿ ಆಸ್ಟ್ರೇಲಿಯಾ ತಲುಪಿದರು. ಸಿಡ್ನಿ ಮುಟ್ಟಿದಾಗ ಅವರ ಕೈಲಿ ಉಳಿದಿದ್ದು 27 ಸೆಂಟ್. "ಹೇಗೆ ಬಂದ್ರಿ, ಎಷ್ಟು ಖರ್ಚಾಯ್ತು" ಅಂತ ಸಿಕ್ಕವರೆಲ್ಲ ಕೇಳೋಕೆ ಶುರು ಮಾಡಿದ್ರು. ಅದಕ್ಕೆ ಉತ್ತರವಾಗಿ 1973ರಲ್ಲಿ ನೂರು ಪುಟವೂ ಇಲ್ಲದ ಒಂದು ಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಶುರುವಾಗಿದ್ದು ಹಾಗೆ. 1975ರಲ್ಲಿ ಆಗ್ನೇಯ ಏಷ್ಯಾದ ಪುಸ್ತಕ ಬಂತು.

ಅಂದ್ರೆ ಇದರ ಬೇರು ತುಂಬಾ ಸರಳ. ಮೊದಲು ಹೋಗಿ ಬಂದವನು ಆಮೇಲೆ ಹೋಗುವವನಿಗೆ ಹೇಳೋ ಮಾತು. ನಮ್ಮಲ್ಲಿ ಕಾರಂತರ "ಅಪೂರ್ವ ಪಶ್ಚಿಮ" ಇದೆ, "ಅಮೆರಿಕದಲ್ಲಿ ಗೊರೂರು" ಇದೆ. ಪ್ರವಾಸ ಕಥನಕ್ಕೆ ಕನ್ನಡದಲ್ಲಿ ಕೊರತೆ ಇಲ್ಲ. ಆದ್ರೆ ಬಸ್ಸು ಎಲ್ಲಿಂದ ಹೊರಡುತ್ತೆ, ಗಡಿಯಲ್ಲಿ ಯಾರಿಗೆ ಎಷ್ಟು ಕೊಡಬೇಕು ಅಂತ ಹೇಳುವ ಪುಸ್ತಕ ನಾನು ಹುಡುಕಿದಾಗ ಕನ್ನಡದಲ್ಲಿ ಸಿಗಲಿಲ್ಲ. ಹಾಗಾಗಿ ಇಂಗ್ಲಿಷಿನದ್ದೇ ಗತಿ.

ಈಗ ಪುಸ್ತಕ ನಮಗೆ ಎಲ್ಲೆಲ್ಲಿ ಕೈ ಕೊಡ್ತು ಅಂತ ಹೇಳ್ತೀನಿ.

ಉತ್ತರ ಥಾಯ್ಲೆಂಡಿನ ಚಿಯಾಂಗ್ ಖೋಂಗ್‌ನಿಂದ ಮೆಕಾಂಗ್ ನದಿ ದಾಟಿದರೆ ಲಾವೋಸ್. ದೋಣಿಯಲ್ಲಿ ದಾಟಿ ಅಂತ ಪುಸ್ತಕದಲ್ಲಿತ್ತು. "ಒಂದ್ಸಲ ಫೋನಲ್ಲಿ ನೋಡ್ಲಾ ಮಾವ?" ಅಂದ. "ಬೇಡ, ಇದರಲ್ಲೇ ಬರೆದಿದೆ" ಅಂತ ನಾನೇ ಹಠ ಮಾಡಿ ಬೆನ್ನ ಮೇಲೆ ಬ್ಯಾಗ್ ಹೊತ್ತು ನದಿ ದಡಕ್ಕೆ ಕರ್ಕೊಂಡು ಹೋದೆ. ಅಲ್ಲಿದ್ದವರು ನಕ್ಕು ಕೈ ಅಲ್ಲಾಡಿಸಿದರು. 2013ರ ಡಿಸೆಂಬರ್‌ನಲ್ಲೇ ಅಲ್ಲಿ ಸೇತುವೆ ಆಗಿದೆ. ವಿದೇಶಿಯರು ಅದರ ಮೇಲೇ ದಾಟಬೇಕು. ಸೇತುವೆ ಇರೋದು ಊರಿಂದ ಸುಮಾರು ಹತ್ತು ಕಿಲೋಮೀಟರ್ ಆಚೆ. ಟುಕ್‌ಟುಕ್ ಹಿಡಿದು ಹೋಗುವಷ್ಟರಲ್ಲಿ ಲುವಾಂಗ್ ಪ್ರಬಾಂಗ್ ಕಡೆ ಹೋಗುವ ಅವತ್ತಿನ ದೋಣಿ ಹೊರಟು ಹೋಗಿತ್ತು. ಒಂದು ದಿನ, ಒಂದು ರಾತ್ರಿಯ ರೂಮ್ ಬಾಡಿಗೆ ದಂಡ. ತಪ್ಪು ಪುಸ್ತಕದ್ದಲ್ಲ, ನನ್ನದು.

ಲಾವೋಸ್‌ನಲ್ಲಿ ಡಾಲರಿಗೆ 8 ಸಾವಿರ ಕಿಪ್ ಅಂತ ಪುಸ್ತಕ ಹೇಳ್ತಿತ್ತು. ನಾವು ಹೋದಾಗ 20 ಸಾವಿರ ದಾಟಿತ್ತು. ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿ ವಿಯೆಂಟಿಯಾನ್‌ಗೆ ಬೆಟ್ಟದ ದಾರಿಯಲ್ಲಿ ಇಡೀ ದಿನದ ಬಸ್ ಪ್ರಯಾಣ ಅಂತಿತ್ತು. 2021ರ ಡಿಸೆಂಬರ್‌ನಲ್ಲಿ ಚೀನಾ-ಲಾವೋಸ್ ರೈಲು ಶುರುವಾದ ಮೇಲೆ ಅದು ಎರಡು ಗಂಟೆ ಅಷ್ಟೇ. ಕಾಂಬೋಡಿಯಾದ ಅಂಗ್ಕೋರ್ ದೇವಸ್ಥಾನಗಳಿಗೆ ಮೂರು ದಿನದ ಪಾಸ್ 40 ಡಾಲರ್ ಅಂತ ನಾನು ಲೆಕ್ಕ ಹಾಕಿದ್ದೆ. 2017ರಿಂದಲೇ ಅದು 62 ಡಾಲರ್. ಇಬ್ಬರಿಗೆ 44 ಡಾಲರ್ ಜಾಸ್ತಿ. ಹತ್ತಿರ ಹತ್ತಿರ 3,700 ರೂಪಾಯಿ.

ಇನ್ನು ಪುಸ್ತಕ ಹೊಗಳಿದ್ದ ಒಂದು ಗೆಸ್ಟ್‌ಹೌಸ್. "ಅಗ್ಗ, ಚೊಕ್ಕ, ಮನೆಯವರು ಒಳ್ಳೆಯವರು" ಅನ್ನೋ ಅರ್ಥದಲ್ಲಿ ಬರೆದಿತ್ತು. ಹೋಗಿ ನೋಡಿದ್ರೆ ಬಾಗಿಲಲ್ಲೇ ಆ ಪುಸ್ತಕದ ಹೆಸರು ಬರೆದ ಬೋರ್ಡು, ಬಾಡಿಗೆ ಪಕ್ಕದ ಮನೆಯ ಎರಡರಷ್ಟು. ಹೆಸರು ಬಂದ ಮೇಲೆ ಜನ ಬರ್ತಾರೆ, ಜನ ಬಂದ ಮೇಲೆ ಬೆಲೆ ಏರುತ್ತೆ. ಅವತ್ತಿಂದ ಒಂದು ನಿಯಮ ಮಾಡ್ಕೊಂಡ್ವಿ. ಪುಸ್ತಕ ನೋಡಿ ಬೀದಿ ಆರಿಸ್ಕೋಬೇಕು, ಲಾಡ್ಜ್ ಅಲ್ಲ. ಅಗ್ಗದ ರೂಮುಗಳು ಯಾವ ಕೇರಿಯಲ್ಲಿವೆ ಅಂತ ಅದು ಹೇಳುತ್ತೆ. ಅಲ್ಲಿಗೆ ಹೋಗಿ, ಪಕ್ಕದ ನಾಲ್ಕು ಬಾಗಿಲು ತಟ್ಟಿ ಕೇಳೋದು ನಮ್ಮ ಕೆಲಸ.

ವೀಸಾ ವಿಚಾರ ಅಂತೂ ಬಿಡಿ. ಇಂಥ ಪುಸ್ತಕಗಳ ವೀಸಾ ಪುಟಗಳು ಹೆಚ್ಚಾಗಿ ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಇಟ್ಕೊಂಡವರನ್ನ ಮನಸ್ಸಲ್ಲಿಟ್ಟು ಬರೆದದ್ದು. "ನಿಮಗೆ ವೀಸಾ ಬೇಕಿಲ್ಲ" ಅಂತಿದ್ರೆ ಆ "ನೀವು" ನಾವಲ್ಲ. ಭಾರತದ ಪಾಸ್‌ಪೋರ್ಟಿಗೆ ಏನು ನಿಯಮ ಅಂತ ಆಯಾ ದೇಶದ ಸರ್ಕಾರಿ ವೆಬ್‌ಸೈಟಲ್ಲೇ ನೋಡಬೇಕು. ಹೊರಡುವ ವಾರದಲ್ಲಿ ಇನ್ನೊಂದು ಸಲ ನೋಡಬೇಕು.

ಇಷ್ಟು ಕೇಳಿದ ಮೇಲೆ, ಮತ್ತೆ ಯಾಕೆ ಹೊತ್ಕೊಂಡು ಹೋದ್ರಿ ಅಂತ ನೀವು ಕೇಳಬಹುದು. ಅದಕ್ಕೆ ಡೊನ್ ಡೆಟ್‌ನಲ್ಲಿ ನಡೆದದ್ದು ಹೇಳ್ತೀನಿ.

ಲಾವೋಸ್‌ನ ದಕ್ಷಿಣ ತುದಿಯಲ್ಲಿ ಮೆಕಾಂಗ್ ಅಗಲವಾಗಿ ಹರಡಿ ನೂರಾರು ನಡುಗಡ್ಡೆ ಮಾಡಿದೆ. "ನಾಲ್ಕು ಸಾವಿರ ದ್ವೀಪ" ಅಂತಲೇ ಆ ಜಾಗದ ಹೆಸರು. ಡೊನ್ ಡೆಟ್ ಅದರಲ್ಲೊಂದು. ಎರಡನೇ ದಿನ ಸಂಜೆ ನಮ್ಮ ಹುಡುಗನಿಗೆ ಜ್ವರ ಬಂತು. ಮೈ ಕೈ ನೋವು, ಕಣ್ಣಿನ ಹಿಂದೆ ನೋವು, ಎದ್ದು ಕೂರೋಕೂ ಆಗ್ತಿಲ್ಲ. ಅದೇ ರಾತ್ರಿ ಜೋರು ಗಾಳಿ ಮಳೆ. ಕರೆಂಟು ಹೋಯ್ತು, ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯ್ತು.

ನನ್ನ ಬ್ಯಾಗಲ್ಲಿ ಐಬುಪ್ರೊಫೆನ್ ಮಾತ್ರೆ ಇತ್ತು. ಮನೆಯಲ್ಲಿ ಮೈ ಕೈ ನೋವಿಗೆ ನಾನು ಅದನ್ನೇ ನುಂಗೋದು. ಒಂದು ಬಿಡಿಸಿ ಕೈಲಿ ಹಿಡಿದಿದ್ದೆ. ಯಾಕೋ ಒಂದು ಸಲ ನೋಡೋಣ ಅಂತ ಟಾರ್ಚ್ ಬೆಳಕಲ್ಲಿ ಪುಸ್ತಕದ ಆರೋಗ್ಯದ ಪುಟ ತೆಗೆದೆ. ಡೆಂಗಿ ಅನ್ನೋ ತಲೆಬರಹದ ಕೆಳಗೆ ಅವನಿಗಿದ್ದ ಲಕ್ಷಣ ಎಲ್ಲಾ ಇತ್ತು. ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತೆ ಅಂತ ಬರೆದಿತ್ತು. ಕೈಲಿದ್ದ ಮಾತ್ರೆ ವಾಪಸ್ ಚೀಲಕ್ಕೆ ಹಾಕಿದೆ. ಗೆಸ್ಟ್‌ಹೌಸ್ ಅಜ್ಜಿ ಹತ್ರ ಪ್ಯಾರಾಸಿಟಮಾಲ್ ಸಿಕ್ತು. ರಾತ್ರಿಯೆಲ್ಲ ನೀರು ಕುಡಿಸ್ತಾ ಕೂತೆ. ತಲೆಯಲ್ಲಿ ಓಡ್ತಿದ್ದದ್ದು ಒಂದೇ: ಅಕ್ಕನಿಗೆ ಏನು ಹೇಳೋದು?

ಬೆಳಗಾದ ಮೇಲೆ ಎಲ್ಲಿಗೆ ಹೋಗೋದು ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೂ ಅದೇ ಪುಟದಲ್ಲಿ ಉತ್ತರ ಇತ್ತು. ಲಾವೋಸ್‌ನಲ್ಲಿ ವೈದ್ಯಕೀಯ ಸೌಲಭ್ಯ ಕಡಿಮೆ, ಕಾಯಿಲೆ ಜೋರಾಗಿದ್ದರೆ ಗಡಿ ದಾಟಿ ಥಾಯ್ಲೆಂಡಿಗೆ ಹೋಗಿ ಅಂತ. ನಕ್ಷೆ ನೋಡಿದೆ. ದೋಣಿಯಲ್ಲಿ ದಡಕ್ಕೆ, ಅಲ್ಲಿಂದ ಪಾಕ್ಸೆ, ಪಾಕ್ಸೆಯಿಂದ ವಾಂಗ್ ಟಾವ್ ಗಡಿ, ಗಡಿ ದಾಟಿದರೆ ಥಾಯ್ಲೆಂಡಿನ ಉಬೋನ್ ರಾಚತಾನಿ ಅನ್ನೋ ದೊಡ್ಡ ಊರು. ರಾತ್ರಿ ಗಡಿ ಮುಚ್ಚುತ್ತೆ ಅಂತಲೂ ಬರೆದಿತ್ತು. ಹಾಗಾಗಿ ಬೆಳಕು ಹರಿಯೋ ಮುಂಚೆ ದೋಣಿಯವನನ್ನ ಎಬ್ಬಿಸಿ ಹೊರಟ್ವಿ. ದಡದಲ್ಲಿ ಒಂದು ವ್ಯಾನ್ ಗೊತ್ತು ಮಾಡಿ, ಮಧ್ಯಾಹ್ನದ ಹೊತ್ತಿಗೆ ಉಬೋನ್ ಆಸ್ಪತ್ರೆಯಲ್ಲಿದ್ವಿ. ರಕ್ತ ಪರೀಕ್ಷೆ ಮಾಡಿದ್ರು. ಡೆಂಗಿಯೇ. ಪ್ಲೇಟ್‌ಲೆಟ್ ಇಳೀತಿತ್ತು. ಏನು ಮಾತ್ರೆ ಕೊಟ್ಟಿದ್ರಿ ಅಂತ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ. ಹೇಳಿದೆ. "ಒಳ್ಳೇದು" ಅಂದ್ರು, ಅಷ್ಟೇ.

ನಾಲ್ಕು ರಾತ್ರಿ ಅಲ್ಲೇ. ಹೊರಡುವ ಮುಂಚೆ ಪುಸ್ತಕದ ಮಾತು ಕೇಳಿ ಪ್ರಯಾಣದ ವಿಮೆ ಮಾಡಿಸಿದ್ದೆ. ಇಲ್ಲದಿದ್ರೆ ನಮ್ಮ ಒಂದೂವರೆ ಲಕ್ಷ ಅಲ್ಲೇ ಮುಗೀತಿತ್ತು. ಅಕ್ಕನಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿ ನಿಜ ಹೇಳಿದೆ. ಬೈದಳು, ಅತ್ತಳು, ಆಮೇಲೆ "ಮಗೂಗೆ ಗಂಜಿ ಸಿಗುತ್ತೇನೋ ಅಲ್ಲಿ?" ಅಂದಳು. ಸಿಗ್ತಿತ್ತು.

ವಿಯೆಟ್ನಾಂ ಕೈಬಿಟ್ವಿ. ಹುಡುಗ ಚೇತರಿಸಿಕೊಂಡ ಮೇಲೆ ಪೊಯ್ಪೆಟ್ ಗಡಿ ದಾಟಿ ಅಂಗ್ಕೋರ್ ಮಾತ್ರ ನೋಡಿದ್ವಿ. ಗಡಿಗಿಂತ ಮುಂಚೆಯೇ ಟುಕ್‌ಟುಕ್‌ನವನು ನಿಮ್ಮನ್ನ ಯಾವುದೋ "ವೀಸಾ ಆಫೀಸ್" ಮುಂದೆ ಇಳಿಸ್ತಾನೆ, ಅದು ಸರ್ಕಾರಿ ಆಫೀಸ್ ಅಲ್ಲ, ಮುಂದೆ ನಡೀರಿ ಅಂತ ಪುಸ್ತಕ ಎಚ್ಚರಿಸಿತ್ತು. ಹನ್ನೆರಡು ವರ್ಷ ಆದ ಮೇಲೂ ಅಲ್ಲೇ ಇಳಿಸಿದ! ನಾವು ಇಳಿದು ಮುಂದೆ ನಡೆದ್ವಿ. ವೀಸಾ ಶುಲ್ಕ ಪುಸ್ತಕದಲ್ಲಿ 20 ಡಾಲರ್ ಇದ್ದದ್ದು 30 ಆಗಿತ್ತು. ಬೆಲೆ ಬದಲಾಗಿತ್ತು, ಮೋಸ ಬದಲಾಗಿರಲಿಲ್ಲ.

ನನಗೆ ಅರ್ಥ ಆಗಿದ್ದು ಇಷ್ಟು. ಗೈಡ್‌ಬುಕ್‌ನಲ್ಲಿ ಬೇಗ ಹಳಸೋದು ನಾಲ್ಕು: ಬೆಲೆ, ವೇಳಾಪಟ್ಟಿ, ಲಾಡ್ಜಿನ ಹೆಸರು, ವೀಸಾ. ಹಳಸದೇ ಇರೋದೂ ಇದೆ: ಯಾವ ಊರಿನ ಪಕ್ಕ ಯಾವ ಊರು, ಯಾವ ಕ್ರಮದಲ್ಲಿ ಹೋದ್ರೆ ವಾಪಸ್ ತಿರುಗೋ ಖರ್ಚು ಉಳಿಯುತ್ತೆ, ಎಲ್ಲಿ ಮೋಸ, ಮೈ ಹುಷಾರಿಲ್ಲದಾಗ ಏನು ಮಾಡಬೇಕು, ಏನು ಮಾಡಬಾರದು. ಮೊದಲ ನಾಲ್ಕಕ್ಕೆ ಫೋನ್ ನೋಡಿ. ಉಳಿದದ್ದಕ್ಕೆ ಪುಸ್ತಕ ಓದಿ, ಹೊರಡೋ ಮುಂಚೆ ಮನೆಯಲ್ಲಿ ಕೂತು ಓದಿ. ಫೋನ್ ನೀವು ಕೇಳಿದ್ದಕ್ಕೆ ಉತ್ತರ ಕೊಡುತ್ತೆ. ಏನು ಕೇಳಬೇಕು ಅಂತಲೇ ಗೊತ್ತಿಲ್ಲದ ಊರಲ್ಲಿ ಪುಸ್ತಕ ಬೇಕಾಗುತ್ತೆ.

ಒಂದು ಎಚ್ಚರಿಕೆ. ನಾವು ದಾಟಿದ ಪೊಯ್ಪೆಟ್ ಗಡಿ 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ನಡುವಿನ ಸಂಘರ್ಷದಿಂದ ಮುಚ್ಚಿತು. ಇಂಥದ್ದನ್ನ ಹಳೇದಿರಲಿ, ಹೊಸದಿರಲಿ, ಯಾವ ಪುಸ್ತಕವೂ ಮುಂಚಿತವಾಗಿ ಹೇಳಲ್ಲ. ಸುದ್ದಿ ನೋಡಿಯೇ ಹೊರಡಿ.

ಹಣ ಕಡಿಮೆ ಇದ್ರೆ ಹಳೇ ಆವೃತ್ತಿ ತಗೊಳ್ಳಿ, ತಪ್ಪಿಲ್ಲ. ಮೊದಲ ಪುಟದಲ್ಲಿ ಅಚ್ಚಾದ ವರ್ಷ ನೋಡ್ಕೊಳ್ಳಿ. ಭಾರ ಅನ್ನಿಸಿದ್ರೆ ಬೇಕಾದ ದೇಶದ ಪುಟಗಳನ್ನ ಜೆರಾಕ್ಸ್ ಮಾಡಿಸ್ಕೊಳ್ಳಿ, ಆರೋಗ್ಯದ ಪುಟ ಮಾತ್ರ ಬಿಡಬೇಡಿ. ಹೋಗಿ ಬಂದ ಮೇಲೆ ಅಂಚಿನಲ್ಲಿ ಪೆನ್ಸಿಲಲ್ಲಿ ಬರೆಯಿರಿ, ಇನ್ನೊಬ್ಬರಿಗೆ ಕೊಡಿ. ನಾನು ಚಿಯಾಂಗ್ ಖೋಂಗ್ ಪುಟದಲ್ಲಿ "ದೋಣಿ ಇಲ್ಲ, ಸೇತುವೆಗೆ ಹೋಗಿ" ಅಂತ ಬರೆದಿದ್ದೀನಿ. ಈ ವರ್ಷ ವಿಯೆಟ್ನಾಂಗೆ ಹೊರಟಿರೋ ಹುಡುಗ ಅದನ್ನ ಕೇಳಿ ತಗೊಂಡು ಹೋಗಿದ್ದಾನೆ.