ಸಂಶಯದಿಂದ ಸುರಕ್ಷೆ ಹುಟ್ಟದು

(ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಪೊಲೀಸರು ಮತ್ತು ಅಲ್ಪಸಂಖ್ಯಾತರ ನಡುವಿನ ವಿಶ್ವಾಸದ ಕುರಿತು ಮಾತನಾಡಬೇಕೆಂದು ನಮಗೆ ತಿಳಿಸಲಾಗಿದೆ. ಈ ವಿಷಯವನ್ನು ಎತ್ತಿದೊಡನೆ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ತಪ್ಪು ಮಾಡದವರು ಪೊಲೀಸರಿಗೆ ಯಾಕೆ ಹೆದರಬೇಕು?’ ಎಂಬುದು ಒಂದು. ‘ಪೊಲೀಸರೆಲ್ಲ ನಮ್ಮ ವಿರೋಧಿಗಳೇ’ ಎಂಬುದು ಇನ್ನೊಂದು. ಇವೆರಡೂ ಚಿಂತನೆಯ ಬಾಗಿಲು ಮುಚ್ಚುವ ಮಾತುಗಳು. ಆದ್ದರಿಂದ ಆವೇಶವನ್ನು ಬದಿಗಿರಿಸಿ, ದಾಖಲೆಗಳು ಬಹಿರಂಗವಾಗಿರುವ, ನ್ಯಾಯಾಲಯಗಳು ತೀರ್ಪು ನೀಡಿರುವ ಒಂದು ನಗರದ ಅನುಭವವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಆ ನಗರ ನ್ಯೂಯಾರ್ಕ್.

ಮುಹಮ್ಮದ್ ಸಲ್ಮಾನ್ ಹಮ್ದಾನಿ ಕರಾಚಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ 23ರ ಯುವಕ. ಪ್ರಯೋಗಾಲಯವೊಂದರಲ್ಲಿ ದುಡಿಯುತ್ತಿದ್ದ. ತುರ್ತು ವೈದ್ಯಕೀಯ ಸೇವೆಯ ತರಬೇತಿ ಪಡೆದಿದ್ದ. ನಗರ ಪೊಲೀಸ್ ಇಲಾಖೆಯಲ್ಲಿ ಕೆಡೆಟ್ ಆಗಿ ಸೇವೆ ಸಲ್ಲಿಸಿದ್ದ. 2001ರ ಸೆಪ್ಟೆಂಬರ್ 11ರಂದು ಕೆಲಸಕ್ಕೆಂದು ಹೊರಟವನು ಮನೆಗೆ ಮರಳಲಿಲ್ಲ. ಅಂದು ಕಾಣೆಯಾದವರು ಸಾವಿರಾರು ಮಂದಿ. ಆದರೆ ಹಮ್ದಾನಿ ಕಾಣೆಯಾದಾಗ ಹುಟ್ಟಿದ್ದು ಅನುಕಂಪವಲ್ಲ, ಸಂಶಯ. ಆತ ತಲೆಮರೆಸಿಕೊಂಡಿರಬಹುದೇ ಎಂದು ಪತ್ರಿಕೆ ಕೇಳಿತು. ಮನೆಯವರು ವಿಚಾರಣೆ ಎದುರಿಸಬೇಕಾಯಿತು. 2002ರ ಮಾರ್ಚ್‌ನಲ್ಲಿ ಆತನ ಪಾರ್ಥಿವ ಅವಶೇಷಗಳು ಕುಸಿದ ಗೋಪುರಗಳ ಅವಶೇಷಗಳ ನಡುವೆ ದೊರೆತದ್ದು ಖಚಿತವಾಯಿತು. ಇತರರನ್ನು ರಕ್ಷಿಸಲು ಅಲ್ಲಿಗೆ ಧಾವಿಸಿ ಆತ ಪ್ರಾಣ ತೆತ್ತಿದ್ದ. ಏಪ್ರಿಲ್‌ನಲ್ಲಿ ಪೊಲೀಸ್ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಮೇಯರ್ ಬಂದರು, ಪೊಲೀಸ್ ಕಮಿಷನರ್ ಬಂದರು.

ಆ ತಾಯಿಯ ಸ್ಥಾನದಲ್ಲಿ ನಿಂತು ಒಮ್ಮೆ ಯೋಚಿಸಿ. ಮಗನನ್ನು ಕಳೆದುಕೊಂಡ ದುಃಖ ಒಂದೆಡೆ. ಮಗ ಅಪರಾಧಿಯಲ್ಲವೆಂದು ಸಾಬೀತುಪಡಿಸಬೇಕಾದ ಭಾರ ಇನ್ನೊಂದೆಡೆ. ತನ್ನ ನಿಷ್ಠೆಯನ್ನು ಸತ್ತು ತೋರಿಸಬೇಕಾದ ಸ್ಥಿತಿ ಯಾವ ಪ್ರಜೆಗೂ ಬರಬಾರದು. ಇಂದಿನ ನಮ್ಮ ಮಾತಿನ ತಿರುಳು ಇಷ್ಟೆ: ಗುರುತನ್ನು ನೋಡಿ ಸಂಶಯಿಸುವ ವ್ಯವಸ್ಥೆಯು ಸಂಶಯಕ್ಕೊಳಗಾದವರಿಗೆ ಅನ್ಯಾಯ ಮಾಡುತ್ತದೆ. ಅಷ್ಟೇ ಅಲ್ಲ, ಅದು ಪೊಲೀಸರ ಕಣ್ಣನ್ನೂ ಕುರುಡಾಗಿಸುತ್ತದೆ.

ಪ್ರೊಫೈಲಿಂಗ್ ಎಂಬ ಪದವನ್ನು ಇಂದು ಎಲ್ಲರೂ ಬಳಸುತ್ತಾರೆ. ಅದರ ಅರ್ಥ ಸ್ಪಷ್ಟವಾಗಬೇಕು. ಅಂಗಡಿ ದೋಚಿದವನು ಎತ್ತರದವನು, ಕೆಂಪು ಅಂಗಿ ತೊಟ್ಟಿದ್ದ ಎಂದು ಸಾಕ್ಷಿಯೊಬ್ಬರು ಹೇಳಿದರೆ ಅಂತಹವನನ್ನು ಹುಡುಕುವುದು ತನಿಖೆ. ಅದರಲ್ಲಿ ತಪ್ಪಿಲ್ಲ. ಯಾವ ಸಾಕ್ಷ್ಯವೂ ಇಲ್ಲದೆ, ಒಂದು ಬಣ್ಣದವರನ್ನು ಅಥವಾ ಒಂದು ಧರ್ಮದವರನ್ನು ಬರಿಯ ಆ ಕಾರಣಕ್ಕಾಗಿ ಸಂಶಯಿಸುವುದು ಪ್ರೊಫೈಲಿಂಗ್. ತನಿಖೆಯು ಕೃತ್ಯದಿಂದ ಹೊರಟು ವ್ಯಕ್ತಿಯ ಕಡೆಗೆ ಸಾಗುತ್ತದೆ. ಪ್ರೊಫೈಲಿಂಗ್ ವ್ಯಕ್ತಿಯನ್ನು ಮೊದಲು ಆರಿಸಿಕೊಂಡು ಬಳಿಕ ಕೃತ್ಯವನ್ನು ಹುಡುಕುತ್ತದೆ.

ನ್ಯೂಯಾರ್ಕಿನಲ್ಲಿ ಇದನ್ನು ಮೊದಲು ಅನುಭವಿಸಿದವರು ಮುಸ್ಲಿಮರಲ್ಲ, ಕರಿಯರು. 1999ರ ಫೆಬ್ರವರಿ 4ರ ರಾತ್ರಿ ಆಫ್ರಿಕಾದ ಗಿನಿ ದೇಶದಿಂದ ಬಂದಿದ್ದ ಅಮಾದು ದಿಯಾಲೊ ಎಂಬ 23ರ ಯುವಕ ತಾನು ವಾಸಿಸುತ್ತಿದ್ದ ಕಟ್ಟಡದ ಬಾಗಿಲಲ್ಲೇ ಕೊಲೆಯಾದ. ಸಾದಾ ಉಡುಪಿನಲ್ಲಿದ್ದ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. 19 ಗುಂಡುಗಳು ಆತನ ದೇಹವನ್ನು ಹೊಕ್ಕವು. ಪಿಸ್ತೂಲೆಂದು ಅವರು ಭಾವಿಸಿದ್ದು ಪರ್ಸ್ ಆಗಿತ್ತು. ಮರುವರ್ಷ ನಾಲ್ವರೂ ಖುಲಾಸೆಯಾದರು. ದಿಯಾಲೊ ಕರಿಯನಾಗಿದ್ದ, ಮುಸ್ಲಿಮನೂ ಆಗಿದ್ದ. ಆತನನ್ನು ಯಾವ ಸಮುದಾಯದ ಲೆಕ್ಕಕ್ಕೆ ಸೇರಿಸೋಣ? ಅನ್ಯಾಯವನ್ನು ಸಮುದಾಯವಾರು ಹಂಚಿಕೊಳ್ಳುವವರು ಈ ಪ್ರಶ್ನೆಗೆ ಉತ್ತರಿಸಬೇಕು.

ಅನಂತರದ ವರ್ಷಗಳಲ್ಲಿ ಆ ನಗರದಲ್ಲಿ ದಾರಿಹೋಕರನ್ನು ತಡೆದು ಮೈದಡವಿ ಶೋಧಿಸುವ ಪದ್ಧತಿ ಬೆಳೆಯುತ್ತಾ ಹೋಯಿತು. 2011ರ ಒಂದೇ ವರ್ಷದಲ್ಲಿ ಹೀಗೆ ತಡೆದದ್ದು 6,85,724 ಬಾರಿ. 2013ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಅವರು ಈ ಪದ್ಧತಿ ಜಾರಿಯಾಗುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು. ಆ ತೀರ್ಪಿನಲ್ಲಿರುವ ಅಂಕಿಗಳು ಗಮನಾರ್ಹ. 2004ರ ಜನವರಿಯಿಂದ 2012ರ ಜೂನ್‌ವರೆಗೆ 44 ಲಕ್ಷ ಬಾರಿ ಜನರನ್ನು ತಡೆಯಲಾಗಿತ್ತು. ತಡೆಯಲ್ಪಟ್ಟವರಲ್ಲಿ ಶೇಕಡಾ 52 ಮಂದಿ ಕರಿಯರು, ಶೇಕಡಾ 31 ಮಂದಿ ಲ್ಯಾಟಿನ್ ಅಮೆರಿಕನ್ ಮೂಲದವರು, ಶೇಕಡಾ 10 ಮಂದಿ ಬಿಳಿಯರು. ಶೇಕಡಾ 88 ಪ್ರಕರಣಗಳಲ್ಲಿ ಬಂಧನವೂ ಇಲ್ಲ, ಸಮನ್ಸೂ ಇಲ್ಲ. ತಡೆಯಲ್ಪಟ್ಟ ಕರಿಯರಲ್ಲಿ ಶೇಕಡಾ 1ರಷ್ಟು ಮಂದಿಯ ಬಳಿ ಆಯುಧ ದೊರೆತರೆ, ಬಿಳಿಯರಲ್ಲಿ ಶೇಕಡಾ 1.4ರಷ್ಟು ಮಂದಿಯ ಬಳಿ ದೊರೆತಿತ್ತು. ಯಾರನ್ನು ಹೆಚ್ಚು ಸಂಶಯಿಸಲಾಯಿತೋ ಅವರಲ್ಲೇ ಆಯುಧ ಕಡಿಮೆ! ಬಣ್ಣ ನೋಡಿ ಹಾಕಿದ ಲೆಕ್ಕ ಲೆಕ್ಕವಾಗಿಯೂ ತಪ್ಪು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ?

ಈ ಪದ್ಧತಿ ಕೈಬಿಟ್ಟರೆ ನಗರ ಕೊಲೆಗಡುಕರ ಪಾಲಾಗುತ್ತದೆ ಎಂದು ಎಚ್ಚರಿಸಿದವರಿದ್ದರು. 2017ರಲ್ಲಿ ತಡೆಗಳ ಸಂಖ್ಯೆ ಸುಮಾರು 11,600ಕ್ಕೆ ಇಳಿದಿತ್ತು. 2011ರಲ್ಲಿ 515 ಇದ್ದ ಕೊಲೆಗಳು 2017ರಲ್ಲಿ 292 ಆಗಿದ್ದವು. ತಡೆಗಳು ಇಳಿದುದರಿಂದಲೇ ಕೊಲೆಗಳು ಇಳಿದವೆಂದು ನಾವು ಹೇಳುವುದಿಲ್ಲ. ಅಪರಾಧದ ಏರಿಳಿತಕ್ಕೆ ಕಾರಣಗಳು ಹಲವು. ಆದರೆ ಲಕ್ಷಾಂತರ ನಿರಪರಾಧಿಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸದಿದ್ದರೆ ನಗರ ಉಳಿಯದೆಂಬ ವಾದವಂತೂ ಸುಳ್ಳಾಯಿತು.

ಇನ್ನು ಮುಸ್ಲಿಮರ ವಿಷಯಕ್ಕೆ ಬರೋಣ. ಅವಳಿ ಗೋಪುರಗಳ ಮೇಲಿನ ದಾಳಿಯ ಬಳಿಕ ನ್ಯೂಯಾರ್ಕ್ ಪೊಲೀಸ್ ಇಲಾಖೆಯು ಸಿಐಎಯ ಮಾಜಿ ಅಧಿಕಾರಿ ಡೇವಿಡ್ ಕೊಹೆನ್ ಅವರನ್ನು ಗುಪ್ತಚರ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಿತು. ಆ ವಿಭಾಗದಲ್ಲಿ ‘ಡೆಮೊಗ್ರಾಫಿಕ್ಸ್ ಯೂನಿಟ್’ ಎಂಬ ಘಟಕವೊಂದು ರೂಪುಗೊಂಡಿತು. ಗಮನಿಸಬೇಕಾದ ಮೂಲಗಳೆಂದು 28 ದೇಶ-ಜನಾಂಗಗಳ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಭಾರತದ ಹೆಸರೂ ಇತ್ತು. ಸಾದಾ ಉಡುಪಿನ ಪೊಲೀಸರು ಚಹಾದಂಗಡಿ, ಹೋಟೆಲು, ಪುಸ್ತಕದಂಗಡಿ, ಮಾಂಸದಂಗಡಿಗಳಲ್ಲಿ ಕುಳಿತು, ಯಾರು ಯಾವ ಭಾಷೆ ಮಾತನಾಡುತ್ತಾರೆ, ಏನು ಚರ್ಚಿಸುತ್ತಾರೆ ಎಂದು ಬರೆದುಕೊಂಡರು. ಮಸೀದಿಯ ಅಂಗಳದಲ್ಲಿ ನಿಂತ ಕಾರುಗಳ ನಂಬರ್ ದಾಖಲಾಯಿತು. ಜುಮಾ ಖುತ್ಬಾಗಳು ವರದಿಯಾದವು. 2008ರಲ್ಲಿ ವಿದ್ಯಾರ್ಥಿಗಳ ತಂಡವೊಂದು ದೋಣಿ ವಿಹಾರಕ್ಕೆ ಹೋದಾಗ ಅವರೊಂದಿಗೆ ಗುಪ್ತವಾಗಿ ಹೋಗಿದ್ದ ಅಧಿಕಾರಿ, ಅವರು ದಿನಕ್ಕೆ ಎಷ್ಟು ಬಾರಿ ನಮಾಝ್ ಮಾಡಿದರೆಂಬುದನ್ನೂ ವರದಿ ಮಾಡಿದ! ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರರು 2011ರ ಆಗಸ್ಟ್‌ನಿಂದ ಇದನ್ನು ಬಯಲಿಗೆಳೆದರು. ಅವರಿಗೆ 2012ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಇಲ್ಲೊಂದು ಪ್ರಶ್ನೆ ಎದುರಾಗುತ್ತದೆ. ‘ದಾಳಿ ಮಾಡಿದವರು ಮುಸ್ಲಿಮರು. ಹಾಗಿರುವಾಗ ಮುಸ್ಲಿಮರ ಮೇಲೆ ಕಣ್ಣಿಡುವುದು ಸಹಜವಲ್ಲವೇ?’ ಪ್ರಶ್ನೆಯನ್ನು ತಳ್ಳಿಹಾಕುವುದು ಬೇಡ. ಫಲಿತಾಂಶವನ್ನು ನೋಡೋಣ. ಗುಪ್ತಚರ ವಿಭಾಗದ ಹಿರಿಯ ಅಧಿಕಾರಿ ಥಾಮಸ್ ಗಲಾಟಿ 2012ರಲ್ಲಿ ಪ್ರಮಾಣ ಮಾಡಿ ಹೇಳಿಕೆ ನೀಡಿದರು. ತಾನು ಅಧಿಕಾರದಲ್ಲಿದ್ದ ಸುಮಾರು ಆರು ವರ್ಷಗಳಲ್ಲಿ ಆ ಘಟಕದ ವರದಿಗಳಿಂದ ಒಂದೇ ಒಂದು ಭಯೋತ್ಪಾದನಾ ತನಿಖೆಯೂ ಆರಂಭವಾಗಲಿಲ್ಲ ಎಂಬುದು ಅದರ ಸಾರ. ಇನ್ನು 2010ರ ಮೇ 1ರಂದು ಟೈಮ್ಸ್ ಸ್ಕ್ವೇರ್‌ನಲ್ಲಿ ಬಾಂಬಿಟ್ಟ ಕಾರು ನಿಂತಾಗ ಅಪಾಯವನ್ನು ಗುರುತಿಸಿದವರು ಯಾರು? ಬೀದಿ ಬದಿಯ ವ್ಯಾಪಾರಿಗಳು. ಹೊಗೆಯನ್ನು ಕಂಡವರಲ್ಲಿ ಸೆನೆಗಲ್‌ನಿಂದ ಬಂದ ಮುಸ್ಲಿಂ ವ್ಯಾಪಾರಿಯೂ ಒಬ್ಬರು. ಕಾರು ನಿಲ್ಲಿಸಿ ಹೋದವನು ಮುಸ್ಲಿಂ ಹೆಸರಿನವನೇ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ವರ್ಷಗಟ್ಟಲೆ ಚಹಾದಂಗಡಿಗಳಲ್ಲಿ ಕಿವಿಗೊಟ್ಟು ಕುಳಿತವರಿಗೆ ಅವನು ಸಿಗಲಿಲ್ಲ. ಬೀದಿಯಲ್ಲಿ ನಿಂತು ಹೊಟ್ಟೆ ಹೊರೆಯುವ ಸಾಮಾನ್ಯರು ಪೊಲೀಸರನ್ನು ಕೂಗಿ ಕರೆದರು, ಜನರ ಪ್ರಾಣ ಉಳಿಯಿತು.

ಕೂಗಿ ಕರೆಯುವ ಆ ಧೈರ್ಯವೇ ವಿಶ್ವಾಸ. ಎಲ್ಲ ಬೀದಿಗಳಲ್ಲಿ ಎಲ್ಲ ಹೊತ್ತಿನಲ್ಲೂ ಪೊಲೀಸರು ಇರಲಾರರು. ಕಂಡದ್ದನ್ನು ಬಂದು ಹೇಳುವ ಪ್ರಜೆಗಳಿಂದಲೇ ಅವರ ಕೆಲಸ ನಡೆಯುತ್ತದೆ. ಹೇಳಲು ಹೋದವನನ್ನೇ ಕೂರಿಸಿ ಹೆಸರು, ಊರು, ಮಸೀದಿ ಕೇಳುವರೆಂಬ ಭಯ ಹುಟ್ಟಿದರೆ ಯಾರು ತಾನೇ ಠಾಣೆಯ ಮೆಟ್ಟಿಲೇರುತ್ತಾರೆ? ಇದು ನಮ್ಮೊಬ್ಬರ ಅಭಿಪ್ರಾಯವಲ್ಲ. 2012ರ ಮಾರ್ಚ್‌ನಲ್ಲಿ ನೆರೆಯ ನ್ಯೂಜೆರ್ಸಿಯಲ್ಲಿ ಎಫ್‌ಬಿಐ ಮುಖ್ಯಸ್ಥರಾಗಿದ್ದ ಮೈಕಲ್ ವಾರ್ಡ್ ಅವರೇ, ನ್ಯೂಯಾರ್ಕ್ ಪೊಲೀಸರ ಈ ಕ್ರಮದಿಂದ ಮುಸ್ಲಿಮರು ಸಹಕಾರದಿಂದ ಹಿಂಜರಿಯತೊಡಗಿದ್ದಾರೆ, ನಮ್ಮ ಕೆಲಸ ಕಷ್ಟವಾಗಿದೆ ಎಂದು ಬಹಿರಂಗವಾಗಿ ದೂರಿದರು.

ಸಮುದಾಯದ ಒಳಗೆ ಆದ ಹಾನಿ ಇನ್ನೂ ಆಳವಾದುದು. ಗಾಂಜಾ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ 19ರ ಯುವಕನೊಬ್ಬ ಪೊಲೀಸರ ಬಾತ್ಮೀದಾರನಾಗಿ ವಿದ್ಯಾರ್ಥಿಗಳ ಸ್ನೇಹ ಬೆಳೆಸಿದ. ಅವರನ್ನು ಪ್ರಚೋದಿಸುವ ಮಾತನಾಡಿ, ಅವರ ಉತ್ತರವನ್ನು ವರದಿ ಮಾಡುವುದು ತನ್ನ ಕೆಲಸವಾಗಿತ್ತೆಂದು 2012ರಲ್ಲಿ ಆತನೇ ಒಪ್ಪಿಕೊಂಡ. ಇದರ ಫಲವೇನು? 2013ರಲ್ಲಿ ಅಲ್ಲಿನ ಕಾನೂನು ಸಂಸ್ಥೆಗಳು ಪ್ರಕಟಿಸಿದ ವರದಿಯಲ್ಲಿ ವಿದ್ಯಾರ್ಥಿಗಳು, ಇಮಾಮರು, ವ್ಯಾಪಾರಿಗಳು ತಮ್ಮ ಅನುಭವವನ್ನು ಬಿಚ್ಚಿಟ್ಟಿದ್ದಾರೆ. ವಿದ್ಯಾರ್ಥಿ ಕೊಠಡಿಗಳಲ್ಲಿ ರಾಜಕೀಯದ ಮಾತು ನಿಂತಿತು. ತಮ್ಮ ಮಾತನ್ನು ತಿರುಚಿಯಾರೆಂದು ಇಮಾಮರು ತಮ್ಮ ಖುತ್ಬಾವನ್ನು ತಾವೇ ಧ್ವನಿಮುದ್ರಿಸಿಕೊಂಡರು. ಹೊಸಬನೊಬ್ಬ ಮಸೀದಿಗೆ ಬಂದರೆ ಸಲಾಮ್‌ಗಿಂತ ಮೊದಲು ಸಂಶಯ ಮೂಡತೊಡಗಿತು. ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದ ಸಫ್‌ನಲ್ಲಿ ಪಕ್ಕದವನೇ ಬಾತ್ಮೀದಾರನಿರಬಹುದೇ ಎಂಬ ಶಂಕೆ! ಸೂರಃ ಅಲ್ ಹುಜುರಾತ್ ಕೆಟ್ಟ ಊಹೆಯನ್ನೂ ಪರರ ಗುಟ್ಟು ಕೆದಕುವುದನ್ನೂ ಒಂದೇ ಸೂಕ್ತದಲ್ಲಿ ನಿಷೇಧಿಸಿರುವುದರ ಔಚಿತ್ಯ ಇಂತಹ ಸಂದರ್ಭದಲ್ಲಿ ಅರ್ಥವಾಗುತ್ತದೆ. ಒಂದು ಇನ್ನೊಂದನ್ನು ಹೆರುತ್ತದೆ.

ಸಹೋದರರೇ, ಇಷ್ಟಾದರೂ ಅಲ್ಲಿನ ಮುಸ್ಲಿಮರು ಕಲ್ಲೆತ್ತಿಕೊಳ್ಳಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. ಅವರು ಹಿಡಿದದ್ದು ಕಾನೂನಿನ ಹಾದಿ. ಅದು ಸುಲಭದ ಹಾದಿಯಾಗಿರಲಿಲ್ಲ. 2012ರಲ್ಲಿ ನ್ಯೂಜೆರ್ಸಿಯ ಮುಸ್ಲಿಮರು ಹೂಡಿದ ದಾವೆಯನ್ನು 2014ರ ಫೆಬ್ರವರಿಯಲ್ಲಿ ಕೆಳ ನ್ಯಾಯಾಲಯ ವಜಾ ಮಾಡಿತು. ಅವರಿಗೆ ಹಾನಿಯಾದದ್ದು ನಿಗಾದಿಂದಲ್ಲ, ಪತ್ರಿಕಾ ವರದಿಯಿಂದ ಎಂಬುದು ಅದರ ತರ್ಕ! ಅವರು ಮೇಲ್ಮನವಿ ಸಲ್ಲಿಸಿದರು. 2015ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆಗೆ ಮರುಜೀವ ನೀಡಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೂಲದ ಅಮೆರಿಕನ್ನರನ್ನು, ಹಾಗೆಯೇ ಯಹೂದಿಯರನ್ನು, ಕರಿಯರನ್ನು ಇದೇ ರೀತಿ ಕಂಡದ್ದನ್ನು ನ್ಯಾಯಮೂರ್ತಿಗಳು ನೆನಪಿಸಿದರು. ಅಷ್ಟರಲ್ಲಿ, 2014ರ ಏಪ್ರಿಲ್‌ನಲ್ಲೇ, ಆ ಘಟಕವನ್ನು ವಿಸರ್ಜಿಸಲಾಗಿತ್ತು. 2018ರಲ್ಲಿ ದಾವೆ ರಾಜಿಯಲ್ಲಿ ಮುಗಿಯಿತು. ಬರಿಯ ಧರ್ಮ ಅಥವಾ ಜನಾಂಗದ ಕಾರಣಕ್ಕೆ ನಿಗಾ ಇಡುವುದಿಲ್ಲವೆಂದು ಇಲಾಖೆ ಒಪ್ಪಿತು. ಇನ್ನೊಂದು ದಾವೆಯ ಫಲವಾಗಿ, ಇಂತಹ ತನಿಖೆಗಳ ಮೇಲೆ ಕಣ್ಣಿಡಲು ಇಲಾಖೆಯ ಹೊರಗಿನ ನಾಗರಿಕ ಪ್ರತಿನಿಧಿಯೊಬ್ಬರನ್ನು ನೇಮಿಸುವ ಏರ್ಪಾಡಿಗೆ 2017ರಲ್ಲಿ ನ್ಯಾಯಾಲಯ ಸಮ್ಮತಿಸಿತು. ರಾಜಿಯ ಮೊದಲ ಕರಡು ಸಾಲದೆಂದು ನ್ಯಾಯಾಧೀಶರೇ ತಿರಸ್ಕರಿಸಿ, ಅದನ್ನು ಬಿಗಿಗೊಳಿಸಿದ್ದರು. ಇಲಾಖೆಯ ಮೇಲ್ವಿಚಾರಣೆಗೆ ನಿಯುಕ್ತವಾದ ಸ್ವತಂತ್ರ ಕಚೇರಿಯು 2016ರಲ್ಲಿ ನೀಡಿದ ವರದಿ ಅದಕ್ಕೆ ಕಾರಣವಾಗಿತ್ತು. ಪರಿಶೀಲಿಸಿದ ತನಿಖೆಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಮುಸ್ಲಿಮರಿಗೆ ಸಂಬಂಧಿಸಿದವು ಎಂದೂ, ಅರ್ಧಕ್ಕಿಂತ ಹೆಚ್ಚು ತನಿಖೆಗಳು ಅನುಮತಿಯ ಅವಧಿ ಮುಗಿದ ಬಳಿಕವೂ ಮುಂದುವರಿದಿದ್ದವು ಎಂದೂ ಅದು ಹೇಳಿತ್ತು.

ಇದರಿಂದ ಕಲಿಯಬೇಕಾದ ಪಾಠಗಳು ಮೂರು.

ಮೊದಲನೆಯದು, ವಿಶ್ವಾಸ ಎಂಬುದು ನಗುಮುಖದ ವಿಷಯವಲ್ಲ, ನಿಯಮದ ವಿಷಯ. ಇಫ್ತಾರ್ ಕೂಟಕ್ಕೆ ಪೊಲೀಸ್ ಅಧಿಕಾರಿಗಳು ಬರುವುದು ಸಂತೋಷದ ಸಂಗತಿ. ನ್ಯೂಯಾರ್ಕಿನಲ್ಲಿ ಇಮಾಮರು ಮೇಯರ್‌ರೊಂದಿಗೆ, ಪೊಲೀಸ್ ಕಮಿಷನರ್‌ರೊಂದಿಗೆ ಒಂದೇ ಮೇಜಿನಲ್ಲಿ ಕುಳಿತದ್ದೂ ಇದೆ, ಅದೇ ಕಾಲದಲ್ಲಿ ಮಸೀದಿಗಳ ಕಡತ ಬೆಳೆದದ್ದೂ ಇದೆ. ತಡೆದರೆ ಕಾರಣ ಬರೆಯಬೇಕು. ತನಿಖೆಗೆ ಅವಧಿ ಇರಬೇಕು. ಇಲಾಖೆಯ ಹೊರಗಿನವರು ಕಡತ ನೋಡಬೇಕು. ಈ ಮೂರು ಇದ್ದಲ್ಲಿ ಒಳ್ಳೆಯ ಅಧಿಕಾರಿಗೆ ಬಲ ಬರುತ್ತದೆ, ಕೆಟ್ಟವನಿಗೆ ಕಡಿವಾಣ ಬೀಳುತ್ತದೆ.

ಎರಡನೆಯದು, ಕರಿಯರ ಹೋರಾಟ ಮುಸ್ಲಿಮರಿಗೆ ದಾರಿಯಾಯಿತು. ದಿಯಾಲೊನ ಹತ್ಯೆಯ ಬಳಿಕ ಎದ್ದ ಕೂಗು, ಬೀದಿಯ ತಡೆಗಳ ವಿರುದ್ಧ ಹೂಡಿದ ದಾವೆಗಳು ಪೊಲೀಸರನ್ನು ಪ್ರಶ್ನಿಸುವ ಪರಂಪರೆಯೊಂದನ್ನು ಜೀವಂತವಾಗಿಟ್ಟಿದ್ದವು. ಪಕ್ಕದ ಕೇರಿಯವನಿಗೆ ಅನ್ಯಾಯವಾದಾಗ ಮೌನವಾಗಿದ್ದು, ತಮ್ಮ ಸರದಿ ಬಂದಾಗ ನೆರವಿಗೆ ಕೂಗುವವರಿಗೆ ಯಾವ ನೈತಿಕ ಬಲವೂ ಇರುವುದಿಲ್ಲ.

ಮೂರನೆಯದು ನಮಗೇ ಸಂಬಂಧಿಸಿದ್ದು. ಇಡೀ ಸಮುದಾಯವನ್ನು ಒಬ್ಬನ ಕೃತ್ಯದಿಂದ ಅಳೆಯಬೇಡಿ ಎಂದು ಕೇಳುವ ನಾವು, ಇಡೀ ಪೊಲೀಸ್ ಇಲಾಖೆಯನ್ನು ಒಬ್ಬ ಅಧಿಕಾರಿಯಿಂದ ಅಳೆಯಬಾರದು. ಹಮ್ದಾನಿಯಂತಹ ಯುವಕರು ತೊಡಲು ಬಯಸಿದ್ದು ಅದೇ ಸಮವಸ್ತ್ರವನ್ನು. ನೆರೆಹೊರೆಯವರ ನಂಬಿಕೆಯನ್ನು, ಪ್ರಾರ್ಥನೆಯನ್ನು ವರದಿ ಮಾಡುವುದು ಗೂಢಚರ್ಯೆ. ಅದಕ್ಕೆ ‘ಇಲ್ಲ’ ಎನ್ನುವ ಧೈರ್ಯ ಇರಬೇಕು. ಕಣ್ಣೆದುರು ಅಪರಾಧ ನಡೆದರೆ, ಮಾಡುವವನು ನಮ್ಮವನೇ ಆಗಿದ್ದರೂ, ತಡೆಯುವುದು, ತಿಳಿಸುವುದು ಕರ್ತವ್ಯ. ಅದಕ್ಕೆ ‘ಹೌದು’ ಎನ್ನುವ ಧೈರ್ಯವೂ ಇರಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕಾಗಿದೆ.

2025ರ ನವೆಂಬರ್‌ನಲ್ಲಿ ಅದೇ ನ್ಯೂಯಾರ್ಕಿನ ಮತದಾರರು ಭಾರತೀಯ ಮೂಲದ ಮುಸ್ಲಿಂ ಯುವಕ ಝೊಹ್ರಾನ್ ಮಮ್ದಾನಿಯವರನ್ನು ಮೇಯರ್ ಆಗಿ ಆರಿಸಿದರು. ಸಂತೋಷಪಡೋಣ. ಆದರೆ 2022ರ ಬಳಿಕ ಬೀದಿಯ ತಡೆಗಳ ಸಂಖ್ಯೆ ಅಲ್ಲಿ ಮತ್ತೆ ಏರತೊಡಗಿತ್ತು ಎಂಬುದನ್ನೂ ಮರೆಯದಿರೋಣ. ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದರಿಂದ ವಿಶ್ವಾಸ ಉಳಿಯುವುದಿಲ್ಲ. ರಾತ್ರಿ ಹೊತ್ತು ಬೀದಿಯಲ್ಲಿ ನಡೆದು ಬರುವ ಹುಡುಗನನ್ನು ಪೊಲೀಸ್ ಪೇದೆ ಯಾವ ಕಾರಣಕ್ಕೆ ನಿಲ್ಲಿಸುತ್ತಾನೆ, ನಿಲ್ಲಿಸಿದ ಮೇಲೆ ಯಾರಿಗೆ ಉತ್ತರ ಕೊಡಬೇಕಾಗುತ್ತದೆ ಎಂಬುದರಲ್ಲಿ ಅದು ಉಳಿಯುತ್ತದೆ.