ಅತಿಥಿಗಳಾಗಿ ಬಂದ ತಂದೆತಾಯಿ

ದೂರದ ಊರಿನಿಂದ ವಯಸ್ಸಾದ ತಂದೆತಾಯಿ ಮಗನ ಮನೆಗೆ ಬಂದಿದ್ದಾರೆ. ಅವರ ಹಾಸಿಗೆಗೆ ಜಾಗ ಮಾಡಲು ಮೊಮ್ಮಗನ ಓದುವ ಮೇಜನ್ನು ಓಣಿಗೆ ಸರಿಸಿದ್ದಾರೆ. ಹುಡುಗ ಮುಖ ಊದಿಸಿಕೊಂಡಿದ್ದಾನೆ. ಭಾನುವಾರ ಎಲ್ಲರೂ ಊರು ನೋಡಲು ಹೊರಟು ನಿಂತಿದ್ದಾರೆ. ಅಷ್ಟರಲ್ಲಿ ರೋಗಿಯ ಮನೆಯಿಂದ ಕರೆ ಬರುತ್ತದೆ. ಮಗ ವೈದ್ಯ, ಹೋಗಲೇಬೇಕು. ತಿರುಗಾಟ ನಿಂತುಹೋಗುತ್ತದೆ. ತಂದೆತಾಯಿ ನಗುನಗುತ್ತಲೇ, ಇನ್ನೊಂದು ದಿನ ನೋಡಿದರಾಯಿತು ಎನ್ನುತ್ತಾರೆ.

ಇದು ಎಲ್ಲೋ ಕಂಡ ಸಂಗತಿ, ನಮ್ಮ ಮನೆಯಲ್ಲೇ ನಡೆದ ಸಂಗತಿ ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ನಾನು ಹೇಳುತ್ತಿರುವುದು ಜಪಾನಿನ ಒಂದು ಚಲಚ್ಚಿತ್ರದ ಕಥೆ. ಅದರ ಹೆಸರು 'ಟೋಕಿಯೊ ಸ್ಟೋರಿ'. 1953ರಲ್ಲಿ ಶೋಚಿಕು ಸಂಸ್ಥೆ ಇದನ್ನು ಹೊರತಂದಿತು. ನಿರ್ದೇಶಕರು ಯಾಸುಜಿರೊ ಒಜು. ಕೊಗೊ ನೊದಾ ಎಂಬುವರೊಡನೆ ಕೂಡಿ ಚಿತ್ರಕಥೆ ಬರೆದವರೂ ಅವರೇ. 1958ರಲ್ಲಿ ಲಂಡನ್ನಿನಲ್ಲಿ ಚಿತ್ರಕ್ಕೆ ಬಹುಮಾನ ಬಂತು; ನ್ಯೂಯಾರ್ಕಿನ ಚಿತ್ರಮಂದಿರಗಳಿಗೆ ಅದು ತಲುಪುವ ಹೊತ್ತಿಗೆ 1972 ಆಗಿತ್ತು. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಎಂಬ ಬ್ರಿಟಿಷ್ ಪತ್ರಿಕೆ, ಎಲ್ಲ ಕಾಲಕ್ಕೂ ಶ್ರೇಷ್ಠವಾದ ಚಿತ್ರಗಳು ಯಾವುವೆಂದು ಜಗತ್ತಿನ ನಿರ್ದೇಶಕರ ಮತ ಕೇಳಿತು. ಅವರು ಮೊದಲ ಸ್ಥಾನ ಕೊಟ್ಟದ್ದು ಈ ಚಿತ್ರಕ್ಕೆ.

ಇದರಲ್ಲಿ ಹೊಡೆದಾಟವಿಲ್ಲ, ಪ್ರಣಯವಿಲ್ಲ, ಖಳನಾಯಕನಿಲ್ಲ. ಹಾಗಾದರೆ ಅಂಥದೇನಿದೆ? ಮೊದಲು ಕಥೆಯನ್ನು ಮುಂದುವರಿಸೋಣ.

ಶುಕಿಚಿ ಮತ್ತು ತೊಮಿ ಎಂಬ ವೃದ್ಧ ದಂಪತಿಗಳು ಸಮುದ್ರ ತೀರದ ಒನೊಮಿಚಿ ಪಟ್ಟಣದಿಂದ, ಮಕ್ಕಳನ್ನು ನೋಡಲೆಂದು ಟೋಕಿಯೊ ನಗರಕ್ಕೆ ಬಂದಿದ್ದಾರೆ. ಹಿರಿಯ ಮಗ ಕೊಯಿಚಿ ವೈದ್ಯ. ಮಗಳು ಶಿಗೆ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸುತ್ತಾಳೆ. ಇನ್ನೊಬ್ಬ ಮಗ ಯುದ್ಧದಲ್ಲಿ ತೀರಿಕೊಂಡಿದ್ದಾನೆ. ಅವನ ಹೆಂಡತಿ ನೊರಿಕೊ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತ ಚಿಕ್ಕ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮಗನಿಗೂ ಮಗಳಿಗೂ ಬಿಡುವಿಲ್ಲ. ಗಂಡ ತಂದ ಒಳ್ಳೆಯ ತಿಂಡಿಯನ್ನು ನೋಡಿ ಶಿಗೆ, ಅವರಿಗೆ ಇಷ್ಟು ಬೆಲೆಯದು ಯಾಕೆ ಎಂದು ಗೊಣಗಿ ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಂಗಡಿಗೆ ಬಂದವರು, ಈ ಹಿರಿಯರು ಯಾರೆಂದು ಕೇಳಿದರೆ, ಊರ ಕಡೆಯ ಪರಿಚಯದವರು ಎಂದುಬಿಡುತ್ತಾಳೆ. ಕೊನೆಗೆ ಅಣ್ಣ ತಂಗಿ ಹಣ ಕೂಡಿಸಿ ತಂದೆತಾಯಿಯನ್ನು ಅತಾಮಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸುತ್ತಾರೆ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದಕ್ಕಿಂತ ಅದು ಅಗ್ಗವೆಂಬ ಲೆಕ್ಕ! ಅಲ್ಲಿಯ ವಸತಿಗೃಹದಲ್ಲಿ ರಾತ್ರಿಯೆಲ್ಲ ಆಟ, ಹಾಡು, ಗದ್ದಲ. ಮುದುಕರಿಗೆ ನಿದ್ದೆಯಿಲ್ಲ. ಅವಧಿಗೆ ಮೊದಲೇ ಹಿಂತಿರುಗಿದರೆ, ಆ ರಾತ್ರಿ ಮಗಳ ಮನೆಯಲ್ಲಿ ಸಭೆ, ಮಲಗಲು ಸ್ಥಳವಿಲ್ಲ. ತಾಯಿ ಸೊಸೆ ನೊರಿಕೊಳ ಕೋಣೆಗೆ ಹೋಗುತ್ತಾಳೆ. ತಂದೆ ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೋಗುತ್ತಾರೆ.

ಬಿಡುವು ಮಾಡಿಕೊಂಡು ಊರು ತೋರಿಸಿದವಳು, ನೆರೆಮನೆಯಿಂದ ಸಾಲ ತಂದು ಉಪಚರಿಸಿದವಳು, ಅತ್ತೆಯ ಹೆಗಲನ್ನು ಒತ್ತಿದವಳು ಈ ಸೊಸೆ ಒಬ್ಬಳೇ. ಊರಿಗೆ ಮರಳುವ ದಾರಿಯಲ್ಲಿ ತಾಯಿಗೆ ಕಾಯಿಲೆಯಾಗುತ್ತದೆ. ಮನೆ ಸೇರಿದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಳ್ಳುತ್ತಾಳೆ. ಅಂತ್ಯಕ್ರಿಯೆ ಮುಗಿದದ್ದೇ ತಡ, ತಾಯಿಯ ಇಂಥ ಉಡುಪು ತನಗೆ ಬೇಕೆಂದು ಶಿಗೆ ಕೇಳುತ್ತಾಳೆ.

ಇಷ್ಟು ಕೇಳಿ ನೀವು ಏನೆನ್ನುತ್ತೀರೆಂದು ಊಹಿಸಬಲ್ಲೆ. ಎಂಥ ಮಕ್ಕಳು! ಸ್ವಂತ ಮಕ್ಕಳಿಗಿಂತ ಸೊಸೆಯೇ ಮೇಲು! ಅನೇಕರು ಈ ಚಿತ್ರವನ್ನು ಹೀಗೆಯೇ ನೋಡಿ, ಕಣ್ಣೊರೆಸಿಕೊಂಡು, ಕಾಲ ಕೆಟ್ಟಿತೆಂದು ಹೇಳಿ ಏಳುತ್ತಾರೆ. ಒಜು ಹೇಳಿದ್ದು ಇಷ್ಟೇ ಆಗಿದ್ದರೆ ಇದೊಂದು ನೀತಿಕಥೆಯಾಗುತ್ತಿತ್ತು. ಅಷ್ಟು ಹೇಳಲು ದೊಡ್ಡ ಕಲಾವಿದನೇ ಬೇಕಾಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಚಿತ್ರದ ಹಿರಿಮೆ ಬೇರೆ ಕಡೆ ಇದೆ. ಅದು ನಮ್ಮ ಕೈಗೆ ತೀರ್ಪಿನ ತಕ್ಕಡಿ ಕೊಡುತ್ತದೆ. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಹೇಗೆಂದು ನೋಡಿ. ಆ ರಾತ್ರಿ ತಂದೆ ಗೆಳೆಯರೊಡನೆ ಕುಡಿದು ಮಗಳ ಮನೆಗೆ ಬರುತ್ತಾರೆ. ಶಿಗೆ ಸಿಡಿಮಿಡಿಗೊಳ್ಳುತ್ತಾಳೆ. ಆಗ ನಮಗೆ ತಿಳಿಯುತ್ತದೆ: ಹಿಂದೆ ಈ ತಂದೆ ಹೀಗೆಯೇ ಕುಡಿದು ಬಂದು ತಾಯಿಯನ್ನು ಗೋಳುಹೊಯ್ದುಕೊಳ್ಳುತ್ತಿದ್ದರು, ಕಿರಿಯ ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದರು. ಅದನ್ನು ಕಂಡು ಬೆಳೆದವಳು ಶಿಗೆ. ಅವಳ ನಾಲಗೆಯ ಒರಟಿಗೆ ಹಿಂದೊಂದು ಕಥೆಯುಂಟು. ಇನ್ನೊಂದು ಮಾತು. ಪಾನಗೃಹದಲ್ಲಿ ಕುಳಿತ ಮುದುಕರು ತಮ್ಮ ಮಕ್ಕಳ ವಿಷಯವಾಗಿ ಆಡಿಕೊಳ್ಳುತ್ತಾರೆ. ಮಗ ದೊಡ್ಡ ವೈದ್ಯನಾಗಿರಬಹುದೆಂದು ತಿಳಿದಿದ್ದೆ, ಮೂಲೆಯ ಬೀದಿಯ ಸಣ್ಣ ವೈದ್ಯನಾಗಿದ್ದಾನೆ ಎಂದು ಶುಕಿಚಿಯೂ ಒಪ್ಪಿಕೊಳ್ಳುತ್ತಾರೆ. ಅಂದರೆ ಮಕ್ಕಳು ತಂದೆತಾಯಿಯನ್ನು ಅಳೆದಂತೆ ತಂದೆತಾಯಿಯೂ ಮಕ್ಕಳನ್ನು ಅಳೆದಿದ್ದಾರೆ, ಆಸೆಗೆ ಕಡಮೆಯಾಯಿತೆಂದು ಒಳಗೇ ನೊಂದಿದ್ದಾರೆ.

ಆದರ್ಶ ಸೊಸೆಯೆಂದು ನಾವು ಕೊಂಡಾಡಿದ ನೊರಿಕೊಳ ಗತಿ? ಕೊನೆಯಲ್ಲಿ ಮಾವ ಅವಳನ್ನು ಹೊಗಳಿದಾಗ ಅವಳು ತಡೆಯುತ್ತಾಳೆ. ತಾನು ಅಷ್ಟು ಒಳ್ಳೆಯವಳಲ್ಲ, ಗಂಡನ ನೆನಪಿಲ್ಲದ ದಿನಗಳೂ ಕಳೆಯುತ್ತಿವೆ, ಹೀಗೇ ಇದ್ದರೆ ಮುಂದೇನೆಂದು ರಾತ್ರಿ ಹೆದರಿಕೆಯಾಗುತ್ತದೆ ಎಂದು ಹೇಳಿ ಅಳುತ್ತಾಳೆ. ಮಾವ ಅವಳಿಗೆ ಅತ್ತೆಯ ಗಡಿಯಾರವನ್ನು ಕೊಟ್ಟು, ಮರುಮದುವೆಯಾಗು ಎನ್ನುತ್ತಾರೆ. ಸೆತ್ಸುಕೊ ಹಾರಾ ಎಂಬ ನಟಿ ಇಡೀ ಚಿತ್ರದಲ್ಲಿ ಹೊತ್ತುಕೊಂಡಿದ್ದ ನಗು ಇಲ್ಲಿ ಕಳಚಿಬೀಳುತ್ತದೆ. ಆ ನಗುವಿನ ಭಾರ ಎಷ್ಟಿತ್ತೆಂದು ನಮಗೆ ಗೊತ್ತಾಗುವುದು ಆಗಲೇ.

ಒಜು ಅವರ ಕ್ಯಾಮರಾದ ರೀತಿಯೂ ಇದಕ್ಕೆ ತಕ್ಕುದು. ಅದು ನೆಲಕ್ಕೆ ಹತ್ತಿರ, ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕೆಳಗೆ ನಿಲ್ಲುತ್ತದೆ. ಹೆಚ್ಚುಕಡಮೆ ಚಲಿಸುವುದೇ ಇಲ್ಲ. ಮೇಲಿನಿಂದ ನೋಡುವವನಿಗೆ ತೀರ್ಪು ಸುಲಭ. ನೆಲದ ಮೇಲೆ ಜೊತೆಗೆ ಕುಳಿತವನಿಗೆ ಅಷ್ಟು ಸುಲಭವಲ್ಲ. ನಾವು ಆ ಮನೆಯ ಒಬ್ಬರಂತೆ ಕುಳಿತುಬಿಡುತ್ತೇವೆ. ತಾಯಿಯ ಸಾವನ್ನು ಸಹ ಅವರು ತೋರಿಸುವುದಿಲ್ಲ. ಪ್ರಜ್ಞೆ ತಪ್ಪಿ ಮಲಗಿದ ತಾಯಿ. ಆಮೇಲೆ ಮುಂಜಾವಿನ ಬರಿದಾದ ದಡ, ದೋಣಿಗಳು. ಆಮೇಲೆ ಬಟ್ಟೆ ಮುಚ್ಚಿದ ಮುಖ. ತಂದೆ ಹೊರಗೆ ನಿಂತು ಸೂರ್ಯೋದಯ ನೋಡುತ್ತಿದ್ದಾರೆ. ಕರೆಯಲು ಬಂದ ಸೊಸೆಯೊಡನೆ, ಬೆಳಗು ಚೆನ್ನಾಗಿತ್ತು, ಇವತ್ತೂ ಸೆಕೆಯಾದೀತು ಎನ್ನುತ್ತಾರೆ. ಅಷ್ಟೇ. ದುಃಖ ಹೆಚ್ಚಾದಾಗ ಮನುಷ್ಯ ಆಡುವುದು ಇಂಥ ಮಾತನ್ನೇ ಅಲ್ಲವೆ?

ಚಿತ್ರದಲ್ಲಿ ಕೊರತೆಯಿಲ್ಲವೆಂದು ನಾನು ಹೇಳುವುದಿಲ್ಲ. 136 ನಿಮಿಷಗಳ ನಿಧಾನ ನಡಿಗೆ ಕೆಲವರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಒಬ್ಬ ಮಗನನ್ನು ನುಂಗಿದ ಯುದ್ಧ ಹೇಗೆ ಬಂತು, ಯಾರು ತಂದರು ಎಂಬುದನ್ನು ಒಜು ಕೇಳುವುದೇ ಇಲ್ಲ. ಬಿಸಿಲು ಮಳೆಯಂತೆ ಅದೂ ಬಂದುಹೋಯಿತು ಎನ್ನುವ ಹಾಗಿದೆ. ಇದು ನ್ಯಾಯವಾದ ಆಕ್ಷೇಪಣೆ. ಆದರೆ ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ಚಿತ್ರ ಬೋಧಿಸುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಕಿರಿಯ ಮಗಳು ಕ್ಯೊಕೊ, ಅಕ್ಕ ಅಣ್ಣಂದಿರ ಸ್ವಾರ್ಥವನ್ನು ಕಂಡು ಕೆರಳುತ್ತಾಳೆ. ಅತ್ತಿಗೆ ನೊರಿಕೊ, ವಯಸ್ಸಾದಂತೆ ಎಲ್ಲರಿಗೂ ಅವರವರ ಬದುಕು ಮುಖ್ಯವಾಗುತ್ತದೆ ಎಂದು ಸಮಾಧಾನ ಹೇಳುತ್ತಾಳೆ. ಬಾಳು ಇಷ್ಟು ನಿರಾಶೆಯೇ ಎಂದು ಹುಡುಗಿ ಕೇಳಿದರೆ, ಹೌದೆಂದು ನಗುತ್ತಾಳೆ. ಒಜು ಹುಡುಗಿಯ ಕೋಪವನ್ನು ತಪ್ಪೆನ್ನಲಿಲ್ಲ, ಅತ್ತಿಗೆಯ ಸಮಾಧಾನವನ್ನು ಸುಳ್ಳೆನ್ನಲಿಲ್ಲ. ಎರಡನ್ನೂ ನಮ್ಮ ಮುಂದೆ ಇಟ್ಟಿದ್ದಾರೆ.

ಈ ಒಜು ಮದುವೆಯಾಗಲಿಲ್ಲ. 1962ರಲ್ಲಿ ತಾಯಿ ತೀರಿಕೊಳ್ಳುವ ವರೆಗೂ ಆಕೆಯ ಜೊತೆಯಲ್ಲೇ ಇದ್ದರು. ಮರುವರ್ಷ, ತಮ್ಮ 60ನೆಯ ಹುಟ್ಟುಹಬ್ಬದ ದಿನವೇ ತಾವೂ ಕಣ್ಣು ಮುಚ್ಚಿದರು. ತಾಯಿಯನ್ನು ಬಿಟ್ಟಿರದ ಈ ಮಗ, ಬಿಟ್ಟುಹೋದ ಮಕ್ಕಳ ಮೇಲೆ ಕಲ್ಲೆಸೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಚಿತ್ರದ ಮೊದಲನೆಯ ದೃಶ್ಯದಲ್ಲಿ ಪ್ರಯಾಣಕ್ಕೆ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಗಾಳಿದಿಂಬನ್ನು ನಿನ್ನ ಕೈಗೇ ಕೊಟ್ಟೆನೆಂದು ಗಂಡ, ಇಲ್ಲವೆಂದು ಹೆಂಡತಿ. ಕಡೆಗೆ ಅದು ಗಂಡನ ಸಾಮಾನಿನಲ್ಲೇ ಸಿಗುತ್ತದೆ. ನಾವು ನಕ್ಕು ಮರೆತುಬಿಡುತ್ತೇವೆ. ಕೊನೆಯ ದೃಶ್ಯದಲ್ಲಿ ಅದೇ ಸ್ಥಳದಲ್ಲಿ ಗಂಡ ಒಬ್ಬರೇ ಕುಳಿತಿದ್ದಾರೆ. ಆವತ್ತಿನಂತೆಯೇ ನೆರೆಮನೆಯಾಕೆ ಕಿಟಕಿಯಲ್ಲಿ ಇಣುಕಿ ಮಾತನಾಡಿಸುತ್ತಾಳೆ. ಹೀಗಾಗುವುದೆಂದು ತಿಳಿದಿದ್ದರೆ, ಬದುಕಿರುವಾಗಲೇ ಅವಳನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಎನ್ನುತ್ತಾರೆ ಶುಕಿಚಿ.

ಚಿತ್ರದ ಉದ್ದಕ್ಕೂ ಈ ಮಾತು ಮಗಳ ಬಾಯಿಂದ ಬರಲೆಂದು ನಾವು ಕಾದಿದ್ದೆವು. ಅದು ಬಂದದ್ದು, ಯಾರಿಗಾಗಿ ನಾವು ಮರುಗುತ್ತಿದ್ದೆವೋ ಆ ತಂದೆಯ ಬಾಯಿಂದ! ಈಗ ಈ ಚಿತ್ರವನ್ನು ಮನೆಯಲ್ಲೇ ಕುಳಿತು ನೋಡುವ ಅನುಕೂಲವಿದೆ. ಒಮ್ಮೆ ನೋಡಿ. ಶಿಗೆಯ ಮೇಲೆ ಸಿಟ್ಟು ಬಂದರೆ ಬರಲಿ, ಅದು ಸಹಜ. ಆದರೆ ಗಾಳಿದಿಂಬು ಯಾರ ಗಂಟಿನಲ್ಲಿ ಸಿಕ್ಕಿತೆಂಬುದನ್ನು ಮಾತ್ರ ಮರೆಯಬೇಡಿ.